ಎಡಗಡೆಯ ಸೀಟು

ಇವತ್ತು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ನಡುಮನೆಯ ಫ್ಯಾನಿಗೆ ಹೊಸ ರೆಗ್ಯುಲೇಟರ್ ಹಾಕಿ ಹೋದ. ಹಳೆಯದು ಹಾಳಾದದ್ದು ವಯಸ್ಸಿನಿಂದಲ್ಲ, ನನ್ನ ಕೈಯಿಂದ. ಎರಡರಲ್ಲಿಟ್ಟರೆ ಸೆಕೆ, ಮೂರರಲ್ಲಿಟ್ಟರೆ ಪೇಪರು ಹಾರುತ್ತದೆ, ಎರಡಕ್ಕೂ ಮೂರಕ್ಕೂ ನಡುವೆ ಏನಾದರೂ ಇದ್ದೀತೇ ಎಂದು ದಿನಕ್ಕೆ ಹತ್ತು ಸಲ ಎದ್ದು ಹೋಗಿ ನೋಡುವವನು ನಾನು. ಹೊಸದು ಸರಿಯಿದೆಯೇ ಎಂದು ಅವನು ಟಕ್ ಟಕ್ ಟಕ್ ಎಂದು ಒಂದರಿಂದ ಐದರವರೆಗೆ ತಿರುಗಿಸಿದ. ಆ ಸದ್ದಿಗೆ ಕುರ್ಚಿಯಲ್ಲಿ ಕೂತಿದ್ದ ನನ್ನ ಎಡಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹುಡುಕಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜಾ ಅದನ್ನು ನೋಡಿ ನಕ್ಕು ಒಳಗೆ ಹೋದಳು. ಅವಳು ಯಾಕೆ ನಕ್ಕಳೆಂದು ನಿಮಗೆ ಹೇಳಬೇಕಾದರೆ ನಮ್ಮ ಜೀಪಿನ ವಿಷಯ ಹೇಳಬೇಕು. ಜೀಪಿಗೂ ಮೊದಲು ನನ್ನ ಕೈಯ ವಿಷಯ ಹೇಳಬೇಕು.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೇತ್ ಮೆಷಿನ್ ಓಡಿಸಿದವನು ನಾನು. ಲೇತಿನವನ ಕೆಲಸವೆಂದರೆ ತಿರುಪು ತಿರುಗಿಸುವುದು. ಕಬ್ಬಿಣದ ತುಂಡನ್ನು ಕಟ್ಟಿ ತಿರುಗಲು ಬಿಟ್ಟು, ಉಳಿಯನ್ನು ಕೂದಲೆಳೆಯಷ್ಟು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ ಮಾಡುತ್ತಾ ಇರಬೇಕು. ಅಳತೆ ನೋಡು, ತಿರುಗಿಸು, ಮತ್ತೆ ನೋಡು, ಮತ್ತೆ ತಿರುಗಿಸು. ಈ ಅಭ್ಯಾಸ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ. ಮದುವೆ ಊಟಕ್ಕೆ ಕೂತರೂ ಎಲೆಯನ್ನು ಅರ್ಧ ಇಂಚು ಸರಿಸಿ, ಲೋಟವನ್ನು ಒಂದು ಸುತ್ತು ತಿರುಗಿಸಿಯೇ ನಾನು ಅನ್ನಕ್ಕೆ ಕೈ ಹಾಕುವುದು. ರೇಡಿಯೋ ಇದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಒಂದು ಹಾಡನ್ನು ಪೂರ್ತಿ ಕೇಳಿದವರಿಲ್ಲ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ, ಆದರೆ ಕೈ ಸುಮ್ಮನಿರಬೇಕಲ್ಲ.

ಆ ಮೂವತ್ತು ವರ್ಷದಲ್ಲಿ ನಾನು ಗಿರಿಜಾಳನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಜೆಯ ದಿನ ಓವರ್‌ಟೈಮು. ಹರಿಹರದಲ್ಲಿ ಅವಳ ಅಕ್ಕನ ಮನೆಯಿದೆ, ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ, ಅಲ್ಲಿಗೂ ಅವಳೊಬ್ಬಳೇ ಹೋಗಿ ಬರುತ್ತಿದ್ದಳು. ‘ರಿಟೈರಾಗಲಿ, ಒಂದು ಗಾಡಿ ತಗೊಂಡು ಸುತ್ತಾಡೋಣ’ ಎಂದು ನಾನು ಹೇಳುತ್ತಲೇ ಬಂದೆ. ರಿಟೈರಾಗುವುದಕ್ಕೆ ಸರಿಯಾಗಿ ಅವಳ ಬೆನ್ನಿನ ಮಣಿ ಜಾರಿ ಆಪರೇಷನ್ ಆಯಿತು. ಆರು ತಿಂಗಳು ಅವಳು ಮಲಗಿದ್ದಲ್ಲಿಂದ ಗೋಡೆಯನ್ನೇ ನೋಡಿದಳು. ಇನ್ನು ಓಡಾಡಬಹುದು, ಆದರೆ ಕುಲುಕಾಟ ಆಗಬಾರದು ಎಂದು ಡಾಕ್ಟರು ಹೇಳಿದ ದಿನ ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಯಾಕೆಂದರೆ ಅಷ್ಟರಲ್ಲಿ ನಾನು ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿಯಾಗಿತ್ತು, ಮತ್ತು ಆ ಗಾಡಿ ಹಳೆಯದೊಂದು ಫೋರ್ ವೀಲ್ ಜೀಪಾಗಿತ್ತು.

ಬೆನ್ನು ನೋವಿನ ಹೆಂಡತಿಗೆ ಜೀಪು ತರುವವನಿಗೆ ಏನನ್ನಬೇಕೋ ಅದನ್ನೆಲ್ಲ ಬಂಧುಬಳಗದವರು ಆಗಲೇ ಅಂದಿದ್ದಾರೆ, ನೀವು ಹೊಸದಾಗಿ ಅನ್ನುವುದೇನೂ ಉಳಿದಿಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿಯಿದ್ದರೆ ಕೊಂಡಜ್ಜಿ ಕೆರೆಯ ದಂಡೆಗೂ ಹೋಗಬಹುದು, ನಾಲೆಯ ಏರಿಯ ಮೇಲೂ ಹೋಗಬಹುದು, ಮಳೆ ಬಿದ್ದ ಎರೆ ಮಣ್ಣಿನಲ್ಲೂ ಹೋಗಬಹುದು ಎಂಬುದು ನನ್ನ ಲೆಕ್ಕ. ಮಾರಿಬಿಡಲು ಮನಸ್ಸಾಗಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಳದಲ್ಲಿ ಜೀಪಿನ ಸುತ್ತ ತಿರುಗಿ ತಿರುಗಿ, ಕೊನೆಗೆ ಹರಿಹರದ ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋದೆ.

ದಸ್ತಗೀರ್ ಸಾಬರದು ನನ್ನದೇ ವಯಸ್ಸು. ಹೆಚ್ಚು ಮಾತಿಲ್ಲ, ಗಾಡಿಯ ಕೆಳಗೆ ಮಲಗಿದ್ದಾಗ ಮಾತ್ರ ನಾಲ್ಕು ಮಾತಾಡುತ್ತಾರೆ. ನನ್ನ ಕಷ್ಟ ಕೇಳಿದವರು ಒಂದು ಡಬ್ಬಿ ತೆಗೆದು ತೋರಿಸಿದರು. ಅದರಲ್ಲಿದ್ದದ್ದು ನಾಲ್ಕು ಹೊಸ ಬಗೆಯ ಶಾಕ್ ಅಬ್ಸಾರ್ಬರ್, ಗ್ಯಾರೇಜಿನವರ ಬಾಯಲ್ಲಿ ಶಾಕಪ್. ಪ್ರತಿಯೊಂದರ ತಲೆಯ ಮೇಲೂ ಬೆರಳುದ್ದದ ಮೋಟರು. ಅಲ್ಲಿಂದ ವೈರು ಬಂದು ಗಾಡಿಯ ಒಳಗೆ ಫ್ಯಾನಿನ ರೆಗ್ಯುಲೇಟರಿನಂಥ ಎರಡು ಪುಟ್ಟ ತಿರುಪುಗಳಿಗೆ ಸೇರುತ್ತದೆ, ಮುಂದಿನ ಚಕ್ರಗಳಿಗೊಂದು, ಹಿಂದಿನ ಚಕ್ರಗಳಿಗೊಂದು. ಒಂದಕ್ಕಿಟ್ಟರೆ ತುಂಬ ಮೆತ್ತಗೆ, ಒಂಬತ್ತಕ್ಕಿಟ್ಟರೆ ತುಂಬ ಬಿಗಿ. ಗಾಡಿ ನಿಲ್ಲಿಸಬೇಕಿಲ್ಲ, ಕೆಳಗೆ ಇಳಿಯಬೇಕಿಲ್ಲ, ಕೂತಲ್ಲಿಂದಲೇ ತಿರುಗಿಸಬಹುದು.

“ಇಂಥಾದ್ದು ನಿಮ್ಮಂಥೋರಿಗೆ ಕೊಡಬಾರ್ದು ಅಣ್ಣಾರೆ,” ಎಂದರು ದಸ್ತಗೀರ್ ಸಾಬರು ನನ್ನ ಕೈ ನೋಡಿ. ನಾನು ಆಗಲೇ ಎರಡು ತಿರುಪನ್ನೂ ಹಿಡಿದು ಟಕ್ ಟಕ್ ಎನ್ನಿಸುತ್ತಿದ್ದೆ. ತಮಾಷೆಯೆಂದುಕೊಂಡು ನಕ್ಕೆ. ಗೇರಿನ ಪಕ್ಕದಲ್ಲಿ, ನನ್ನ ಎಡಗೈಗೆ ಸರಿಯಾಗಿ ಎಟಕುವಂತೆ ಕೂರಿಸಿ ಎಂದು ನಾನೇ ನಿಂತು ಜಾಗ ತೋರಿಸಿದೆ.

ಆ ಮೇಲಿನ ಶನಿವಾರಗಳನ್ನು ನೆನೆದರೆ ಇವತ್ತಿಗೂ ಕೈ ಬೆಚ್ಚಗಾಗುತ್ತದೆ. ಶನಿವಾರ ಗಿರಿಜಾ ಅಕ್ಕನ ಮನೆಗೆ ಹೋಗುವ ದಿನ. ನೇರ ದಾರಿ ಬಿಟ್ಟು ನಾನು ಕೊಂಡಜ್ಜಿಯ ಕಡೆಯಿಂದ ಬಳಸಿಕೊಂಡು ಹೋಗುತ್ತಿದ್ದೆ. ಟಾರು ರಸ್ತೆ ಬಂತು, ತಿರುಗಿಸು. ಹಂಪ್ಸ್ ಬಂತು, ತಿರುಗಿಸು. ಕೆರೆಯ ಪಕ್ಕದ ಮಣ್ಣಿನ ದಾರಿ, ಹಿಂದಿನದನ್ನು ಒಂದಕ್ಕೆ ಇಳಿಸು. ಭತ್ತದ ಗದ್ದೆಗಳ ನಡುವೆ ನಾಲೆಯ ಏರಿ, ಮುಂದಿನದನ್ನೂ ಒಂದಕ್ಕೆ ಇಳಿಸು. ಮೆತ್ತಗಾದಷ್ಟೂ ಅವಳ ಬೆನ್ನಿಗೆ ಸುಖ ಎಂದು ಇಡೀ ಗಾಡಿಯನ್ನು ಬೆಣ್ಣೆ ಮಾಡಿಬಿಟ್ಟಿದ್ದೆ. ಪ್ರತಿ ಸಲ ತಿರುಗಿಸಿದಾಗಲೂ “ಈಗ ಹೆಂಗೈತೆ?” ಎಂದು ಕೇಳುತ್ತಿದ್ದೆ. “ಹ್ಞೂಂ, ಐತೆ,” ಎನ್ನುತ್ತಿದ್ದಳು. ಮೂವತ್ತು ವರ್ಷದ ಬಾಕಿಯನ್ನೆಲ್ಲ ಒಂದೊಂದೇ ಟಕ್ಕಿನಲ್ಲಿ ತೀರಿಸುತ್ತಿದ್ದೇನೆಂದು ನಾನು ಒಳಗೊಳಗೇ ಉಬ್ಬಿಹೋಗಿದ್ದೆ.

ಒಂದು ಶುಕ್ರವಾರ ಅವಳು ಬಟ್ಟೆ ಮಡಿಸುತ್ತಾ, ತಲೆ ಎತ್ತದೆ ಹೇಳಿದಳು: “ನಾಳೆ ನಾನು ರೈಲಿಗೆ ಹೋಗ್ತೀನ್ರಿ.”

“ಯಾಕ? ಜೀಪಿಗೆ ಏನಾಗೈತೆ?”

“ಜೀಪಿಗೇನೂ ಆಗಿಲ್ಲ. ರೈಲು ಸಲೀಸು.”

ನಾನು ವಾದ ಮಾಡಿದೆ. ಸ್ಟೇಷನ್ನಿಗೆ ಹೋಗಲು ಆಟೋ ಹತ್ತಬೇಕು, ಆಟೋದ ಕುಲುಕಾಟ ಎಂಥದ್ದೆಂದು ಗೊತ್ತಿಲ್ಲವೇ, ರೈಲಿನ ಮೆಟ್ಟಿಲು ಎಷ್ಟು ಎತ್ತರ, ಕೂರಲು ಜಾಗ ಸಿಗದಿದ್ದರೆ ಏನು ಗತಿ ಎಂದೆಲ್ಲ ಹೇಳಿದೆ. ಅವಳು ಎಲ್ಲದಕ್ಕೂ “ಹೌದು” ಎಂದಳು. ಮರುದಿನ ಬೆಳಿಗ್ಗೆ ಆಟೋ ಕರೆದುಕೊಂಡು ಹೋಗಿಯೇಬಿಟ್ಟಳು. ನಾನು ಮುಖ ಊದಿಸಿಕೊಂಡು ಕೂತೆ. ಐದು ನಿಮಿಷ ಕೂತಿದ್ದೇನೋ ಏನೋ. ಕೂರುವುದು ನನ್ನಿಂದ ಆಗುವ ಕೆಲಸವಲ್ಲ. ಜೀಪು ತೆಗೆದು ಹರಿಹರಕ್ಕೆ ಹೊಡೆದೆ. ರೈಲಿಗಿಂತ ಮೊದಲೇ ಹೋಗಿ ಸ್ಟೇಷನ್ನಿನ ಮುಂದೆ ನಿಂತೆ.

ಆ ದೃಶ್ಯವನ್ನು ನೀವು ನೋಡಬೇಕಿತ್ತು. ಅರವತ್ತು ದಾಟಿದ ಗಂಡಸು, ತೊಳೆದು ಹೊಳೆಯಿಸಿದ ಜೀಪು, ಬಾನೆಟ್ಟಿಗೆ ಒರಗಿ ಒಂದು ಕಾಲ ಮೇಲೆ ನಿಲ್ಲುವುದು, ಆಮೇಲೆ ಇನ್ನೊಂದು ಕಾಲ ಮೇಲೆ ನಿಲ್ಲುವುದು, ಕನ್ನಡಿ ಸರಿಮಾಡುವುದು, ಸರಿಯಿದ್ದದ್ದನ್ನು ಮತ್ತೆ ಕೆಡಿಸುವುದು. ಗಿರಿಜಾ ಜನರ ನಡುವೆ ನಿಧಾನವಾಗಿ ಹೊರಬಂದಳು. ನನ್ನನ್ನು ಕಂಡು ನಿಂತಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಸಿಕ್ಕಿಬಿದ್ದವಳ ದಣಿವಿತ್ತು. ಅದು ಕೋಪಕ್ಕಿಂತ ಕೆಟ್ಟದಾಗಿ ನನಗೆ ನಾಟಿತು. ಬಂದು ಹತ್ತಿ ಕೂತಳು. ಅಕ್ಕನ ಮನೆಗೆ ಅಲ್ಲಿಂದ ಒಂದು ಕಿಲೋಮೀಟರೂ ಇಲ್ಲ. ಆ ಒಂದು ಕಿಲೋಮೀಟರಿನಲ್ಲಿ ಅವಳು ಎರಡೂ ಕೈಯಿಂದ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು, ಬೆರಳ ಗಂಟುಗಳು ಬೆಳ್ಳಗಾಗಿದ್ದವು. ಇಷ್ಟು ದಿನವೂ ಹೀಗೇ ಹಿಡಿಯುತ್ತಿದ್ದಳೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನನಗೆ ಗೊತ್ತಿರಲಿಲ್ಲ. ನಾನು ಯಾವಾಗಲೂ ತಿರುಪನ್ನೇ ನೋಡುತ್ತಿದ್ದೆ.

ಅವಳನ್ನು ಇಳಿಸಿ ನೇರವಾಗಿ ದಸ್ತಗೀರ್ ಸಾಬರಲ್ಲಿಗೆ ಹೋದೆ. ತಪ್ಪು ಯಾರದ್ದಾದರೂ ಇರಬೇಕಲ್ಲ, ಅವರದ್ದೇ ಇರಲಿ ಎಂದು.

“ನಿಮ್ಮ ಶಾಕಪ್ ಸರಿ ಇಲ್ಲ ಸಾಬ್ರೇ. ಒಂದಕ್ಕೆ ಇಳಿಸಿದ್ರೂ ಅವಳಿಗೆ ಆರಾಮ ಇಲ್ಲ. ಇನ್ನೂ ಮೆತ್ತಗಿಂದು ಐತೇನು ನೋಡ್ರಿ.”

ಅವರು ಕೈ ಒರೆಸಿಕೊಂಡು ಬಂದರು. ಎರಡು ತಿರುಪನ್ನೂ ನೋಡಿದರು. ಆಮೇಲೆ ಸ್ಟಿಯರಿಂಗಿನ ಮುಂದೆ ತಾವೇ ಕೂತು, ಪಕ್ಕದ ಸೀಟನ್ನು ತಟ್ಟಿ, “ಈ ಕಡಿ ಬರ್ರಿ, ಕೂಡ್ರಿ,” ಎಂದರು.

ನಾನು ಸುತ್ತಿ ಹೋಗಿ ಎಡಗಡೆ ಹತ್ತಿದೆ. ಹತ್ತುವಾಗಲೇ ತಬ್ಬಿಬ್ಬಾಯಿತು. ಆ ಬಾಗಿಲ ಹಿಡಿ ಎಲ್ಲಿದೆಯೆಂದು ನನ್ನ ಕೈಗೆ ತಿಳಿಯಲಿಲ್ಲ. ನನ್ನದೇ ಜೀಪು, ಬೋಲ್ಟು ಬೋಲ್ಟಿನ ಪರಿಚಯವುಂಟು, ಆದರೆ ಎಡಗಡೆಯ ಸೀಟಿನಲ್ಲಿ ನಾನು ಒಂದು ಸಲವೂ ಕೂತಿರಲಿಲ್ಲ. ಕಾರ್ಖಾನೆಯಲ್ಲಿ ಹೆಬ್ಬೆರಳಿನಿಂದ ಸವರಿ ನೋಡದೆ ಒಂದು ತುಂಡನ್ನೂ ಮುಂದಕ್ಕೆ ಕಳಿಸಿದವನಲ್ಲ ನಾನು. ಇಲ್ಲಿ ಮಾತ್ರ ಸವರಿ ನೋಡುವುದು ಹೊಳೆದಿರಲಿಲ್ಲ.

ದಸ್ತಗೀರ್ ಸಾಬರು ತಿರುಪುಗಳನ್ನು ನಾನಿಟ್ಟಿದ್ದ ಒಂದರಲ್ಲೇ ಬಿಟ್ಟು ಊರ ಹೊರಗಿನ ನಾಲೆಯ ದಾರಿಗೆ ತಿರುಗಿಸಿದರು. ಮೊದಲ ಹಂಪ್ಸ್ ಏರಿಳಿಯಿತು. ಗಾಡಿ ಕೆಳಗೆ ಕೂತು ಮೇಲೆದ್ದಿತು, ಮತ್ತೆ ಕೂತಿತು, ಮತ್ತೆ ಎದ್ದಿತು. ಹಂಪ್ಸ್ ಹಿಂದೆ ಉಳಿದುಹೋಗಿತ್ತು, ಅದರ ಕುಣಿತ ಇನ್ನೂ ನಿಂತಿರಲಿಲ್ಲ. ತಿರುವಿನಲ್ಲಿ ಇಡೀ ಗಾಡಿ ಎಡಕ್ಕೆ ವಾಲಿ ನನ್ನ ಭುಜ ಬಾಗಿಲಿಗೆ ಬಡಿಯಿತು. ಬ್ರೇಕು ಒತ್ತಿದರೆ ಮೂತಿ ನೆಲಕ್ಕೆ ಬಗ್ಗಿ ನಾನು ಮುಂದಕ್ಕೆ ಜಾರಿದೆ. ಸ್ಟಿಯರಿಂಗ್ ಹಿಡಿದವನಿಗೆ ಇದು ಗೊತ್ತಾಗುವುದಿಲ್ಲ, ಅವನ ಕೈಗೆ ಆಧಾರವಿದೆ, ಮುಂದೇನು ಬರುತ್ತದೆಂದು ಅವನ ಕಣ್ಣಿಗೂ ಕಾಲಿಗೂ ಮೊದಲೇ ತಿಳಿದಿರುತ್ತದೆ. ಪಕ್ಕದವರಿಗೆ ಏನೂ ತಿಳಿಯುವುದಿಲ್ಲ. ನನ್ನ ಕೈ ತಾನಾಗಿಯೇ ಮೇಲಿನ ಹಿಡಿಗೆ ಹೋಯಿತು.

“ಮೆತ್ತಗೆ ಮಾಡಿದ್ರೆ ಆರಾಮ ಅಂದ್ಕಂಡ್ರಿ,” ಎಂದರು ಅವರು ರಸ್ತೆ ನೋಡುತ್ತಲೇ. “ಒಳಗೆ ಎಣ್ಣೆ ಐತೆ. ಕಮಾನ್ ಪಟ್ಟಿ, ಅದೇ ಸ್ಪ್ರಿಂಗು, ಮೇಲಕ್ಕೆ ಎದ್ದಾಗ ಅದನ್ನ ಹಿಡ್ಕಳ್ಳೋದೇ ಎಣ್ಣೆ ಕೆಲಸ. ನೀವು ಹಿಡಿಯೋದೇ ಬ್ಯಾಡ ಅಂದ್ರಿ. ಪಟ್ಟಿ ಕುಣೀತೈತೆ, ಅದರ ಮ್ಯಾಲೆ ಅಮ್ಮಾರು ಕುಣೀತಾರೆ.”

“ಹಂಗಾದ್ರೆ ಬಿಗಿ ಮಾಡಬೇಕಿತ್ತೇನು?”

ಅವರು ಎರಡನ್ನೂ ಒಂಬತ್ತಕ್ಕೆ ಏರಿಸಿದರು. ಅದೇ ದಾರಿಯ ಒಂದೊಂದು ಕಲ್ಲೂ ನನ್ನ ಸೊಂಟದಲ್ಲಿ ಬಂದು ಹೆಸರು ಹೇಳಿತು. ಸಾಕು ಸಾಕು ಎನ್ನುವಷ್ಟರಲ್ಲಿ ಮತ್ತೆ ಒಂದಕ್ಕೆ ಇಳಿಸಿದರು, ಏಳಕ್ಕೆ ಹೋದರು, ಮೂರಕ್ಕೆ ಬಂದರು. ಥೇಟ್ ನನ್ನ ಹಾಗೆಯೇ, ಪ್ರತಿ ಸಲವೂ “ಈಗ ಹೆಂಗೈತೆ ಅಣ್ಣಾರೆ?” ಎಂದು ಕೇಳುತ್ತಾ. ಮೈ ಒಂದು ಬಗೆಯ ಕುಲುಕಾಟಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಬಗೆ ಬಂದುಬಿಡುತ್ತಿತ್ತು. ಕೊನೆಗೆ ಮುಂದಿನದನ್ನು ನಾಲ್ಕಕ್ಕೆ, ಹಿಂದಿನದನ್ನು ಐದಕ್ಕೆ ಇಟ್ಟು ಕೈ ತೆಗೆದರು. ಹಂಪ್ಸ್ ಬಂತು. ಗಾಡಿ ಒಮ್ಮೆ ಎದ್ದು, ಒಮ್ಮೆ ಕೂತು, ಸುಮ್ಮನಾಯಿತು. ಗ್ಯಾರೇಜು ಬರುವವರೆಗೂ ಅವರು ತಿರುಪನ್ನು ಮುಟ್ಟಲಿಲ್ಲ.

“ಮುಟ್ಟಬ್ಯಾಡ್ರಿ ಅಂತಲ್ಲ,” ಎಂದರು ಇಳಿಯುತ್ತಾ. “ಮುಟ್ಟೋಕೆ ಮೊದ್ಲು ಪಕ್ಕದೋರ ಮುಖ ನೋಡ್ರಿ.”

ಆ ಸಂಜೆ ಗಿರಿಜಾ ರೈಲಿನಲ್ಲೇ ವಾಪಸ್ಸು ಬಂದಳು. ನಾನು ಕಾಫಿ ಮಾಡಿ ಕೊಟ್ಟೆ. ಮನೆಯಲ್ಲಿ ನಾನು ಕಾಫಿ ಮಾಡಿದರೆ ಏನೋ ತಪ್ಪೊಪ್ಪಿಗೆ ಇದೆಯೆಂದು ಅರ್ಥ, ಅವಳು ಲೋಟ ಹಿಡಿದು ಕಾದಳು. ಎಡಗಡೆ ಕೂತು ಬಂದದ್ದನ್ನು ಹೇಳಿದೆ. “ನೀನು ಒಂದು ಮಾತು ಹೇಳಬಾರ್ದಿತ್ತಾ? ನನಗೆ ಗೊತ್ತಾಗಲಿಲ್ಲ, ನಿನ್ನ ಕೇಳಬೇಕಿತ್ತು,” ಎಂದೆ.

“ಕೇಳಿದ್ರಲ್ಲ,” ಎಂದಳು. “ದಾರಿ ಉದ್ದಕ್ಕೂ ಕೇಳಿದ್ರಿ. ಹೆಂಗೈತೆ, ಈಗ ಹೆಂಗೈತೆ ಅಂತ. ನಾನು ಬಾಯಿ ತೆಗಿಯೋದ್ರೊಳಗೆ ಇನ್ನೊಂದು ಸಲ ತಿರುಗಿಸಿಬಿಡ್ತಿದ್ರಿ. ಯಾವುದಕ್ಕೆ ಅಂತ ಉತ್ತರ ಹೇಳ್ಲಿ?”

ಅವಳು ಲೋಟ ಕೆಳಗಿಟ್ಟಳು.

“ನೋವು ತಡ್ಕತೀನ್ರಿ. ಆಪರೇಷನ್ ತಡ್ಕಂಡೆ. ಇದು ತಡ್ಕಳ್ಳಾಕೆ ಆಗಲ್ಲ. ಪಕ್ಕದಾಗೆ ಕುಂತ್ರೆ ಈಗೇನು ಮಾಡ್ತಾರೋ, ಈಗೇನು ಮಾಡ್ತಾರೋ ಅಂತ ನನಗೆ ಎದಿ ಡವಗುಟ್ಟುತೈತೆ. ನಾನೇನು ನಿಮ್ಮ ಲೇತಿಗೆ ಕಟ್ಟಿದ ಕಬ್ಬಿಣ ಅಲ್ಲ.”

ಮೂವತ್ತು ವರ್ಷ ಮನೆಯಲ್ಲಿಲ್ಲದೆ ಅವಳನ್ನು ನೋಯಿಸಿದೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಕೂತೂ ನೋಯಿಸಬಹುದೆಂದು ಆ ಸಂಜೆ ತಿಳಿಯಿತು. ಅಳು ಬಂತು, ಎದ್ದು ಹೋಗಿ ನಲ್ಲಿ ಬಿಗಿ ಮಾಡಿ ಬಂದೆ. ನಲ್ಲಿ ಸರಿಯಾಗಿಯೇ ಇತ್ತು.

ಮುಂದಿನ ಶನಿವಾರ ನಾನೂ ಅವಳ ಜೊತೆ ರೈಲು ಹತ್ತಿದೆ. ಅವಳು ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ರೈಲಿನಲ್ಲಿ ನನ್ನ ಕೈಗೆ ಕೆಲಸವಿಲ್ಲ. ಕಿಟಕಿಯ ಶಟರ್ ಎತ್ತಿದೆ, ಇಳಿಸಿದೆ, ಎದುರಿಗೆ ಕೂತಿದ್ದ ಹೆಂಗಸು ಗುರಾಯಿಸಿದ ಮೇಲೆ ಬಿಟ್ಟೆ. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಹೀಗೆ ಐದಾರು ಶನಿವಾರ. ಅಂಗಳದಲ್ಲಿ ಜೀಪಿನ ಮೇಲೆ ಧೂಳು ಕೂತಿತು. ದಿನಾ ಹೋಗಿ ಅದರ ಮೇಲೆ ಬೆರಳಾಡಿಸಿ ಬರುತ್ತಿದ್ದೆ, ಆದರೂ ಜೀಪು ಹತ್ತು ಎಂದು ಅವಳನ್ನು ಕೇಳಲಿಲ್ಲ. ಕೇಳದೆ ಇರುವುದು ನನ್ನ ಜನ್ಮದಲ್ಲೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಈ ನಡುವೆ ಒಂದು ದಿನ ನಾನೊಬ್ಬನೇ ಜೀಪನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋಗಿ, ಎರಡೂ ತಿರುಪುಗಳನ್ನು ಗೇರಿನ ಪಕ್ಕದಿಂದ ತೆಗೆಸಿ ಎಡಗಡೆಯ ಬಾಗಿಲ ಹತ್ತಿರ, ಡ್ಯಾಶ್‌ಬೋರ್ಡಿನ ಆ ತುದಿಗೆ ಹಾಕಿಸಿದೆ. ವೈರು ಸಾಲದೆ ಜೋಡಿಸಬೇಕಾಯಿತು. “ನಿಮ್ಮ ಕೈ ಅಲ್ಲಿಗೆ ಎಟಕಲ್ಲ ನೋಡ್ರಿ, ಆಮ್ಯಾಲೆ ನನ್ನ ಬೈಬ್ಯಾಡ್ರಿ,” ಎಂದರು ದಸ್ತಗೀರ್ ಸಾಬರು. “ಎಟಕಬಾರ್ದು ಅಂತಾನೇ,” ಎಂದೆ. ಅವರು ಮೊದಲ ಸಲ ನನ್ನ ಬೆನ್ನು ತಟ್ಟಿದರು.

ಗಿರಿಜಾ ಅದನ್ನು ಕಂಡದ್ದು ಅಂಗಳ ಗುಡಿಸುವಾಗ. ಪೊರಕೆ ಹಿಡಿದು ಕಿಟಕಿಯಿಂದ ಒಳಗೆ ಇಣುಕಿ ಬಹಳ ಹೊತ್ತು ನೋಡಿದಳು. ಆ ಶನಿವಾರ ಬೆಳಿಗ್ಗೆ ಸೀರೆಯುಟ್ಟು ಬಂದು, “ಜೀಪು ತೆಗೀರಿ, ನೋಡಾಣ,” ಎಂದಳು. ಮೊದಲ ದಿನ ಅವಳು ತಿರುಪನ್ನು ಒಂದೊಂದೇ ಅಂಕೆ ಏರಿಸಿ, ಪ್ರತಿಯೊಂದರಲ್ಲೂ ಒಂದು ಮೈಲಿ ಹೋಗಿ, ತನ್ನ ಪಾಡಿಗೆ ತಾನು ಪರೀಕ್ಷಿಸಿದಳು. ನಾನು ಒಂದು ಸಲ “ಹೆಂಗೈತೆ” ಎನ್ನಲು ಬಾಯಿ ತೆರೆದೆ. ಅವಳು ತಿರುಗಿ ನೋಡಿದಳು. ಬಾಯಿ ಮುಚ್ಚಿದೆ. ಅವಳು ಕೊನೆಗೆ ನಿಲ್ಲಿಸಿದ್ದು ದಸ್ತಗೀರ್ ಸಾಬರ ನಾಲ್ಕು ಐದರಲ್ಲಲ್ಲ, ಮೂರು ಆರರಲ್ಲಿ. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಇದೆಲ್ಲ ಹೋದ ವರ್ಷದ ಮಾತು. ಇವತ್ತೂ ಶನಿವಾರ. ಎಲೆಕ್ಟ್ರಿಷಿಯನ್ ಹೋದ ಮೇಲೆ ಊಟ ಮುಗಿಸಿ ನಾವಿಬ್ಬರೂ ಹೊರಟೆವು. ಅವಳು ಕೊಂಡಜ್ಜಿಯ ಮೇಲೆ ಹೋಗೋಣ ಎಂದಳು. ಕೆರೆ ದಾಟಿ ಗದ್ದೆಗಳ ನಡುವಿನ ದಾರಿಗೆ ಇಳಿದೆವು. ನನ್ನ ಎಡಗೈ ಗೇರಿನ ಪಕ್ಕದ ಖಾಲಿ ಜಾಗಕ್ಕೆ ಎರಡು ಸಲ ಹೋಗಿ ಬಂತು, ಇನ್ನೂ ಬುದ್ಧಿ ಬಂದಿಲ್ಲ ಅದಕ್ಕೆ. ಅವಳು ಯಾವುದೋ ಮಾತು ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು. ನೋವೇನೋ ಎಂದುಕೊಂಡೆ. ತಿರುಗಿ ಅವಳ ಮುಖ ನೋಡಿದೆ.

ನಿದ್ದೆ ಹೋಗಿದ್ದಳು. ಆಪರೇಷನ್ ಆದ ಮೇಲೆ ಅವಳು ಕೂತು ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ, ಮನೆಯ ಆರಾಮ ಕುರ್ಚಿಯಲ್ಲೂ ಕಂಡಿರಲಿಲ್ಲ. ತಲೆ ಬಾಗಿಲ ಕಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಎರಡೂ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಹಂಪ್ಸ್ ಬಂದಾಗ ವೇಗ ಇಳಿಸಿದೆ, ಹಾರ್ನು ಹೊಡೆಯಲಿಲ್ಲ. ಹರಿಹರ ಬಂತು. ಅಕ್ಕನ ಬೀದಿಗೆ ತಿರುಗಿದೆ. ಗಾಡಿ ನಿಂತರೆ ಅವಳಿಗೆ ಎಚ್ಚರವಾಗುತ್ತದೆ. ಅಕ್ಕ ಬಾಗಿಲಲ್ಲೇ ನಿಂತಿದ್ದರು, ಜೀಪು ಕಂಡು ನಗುತ್ತಾ ಕೈಯೆತ್ತಿದರು. ನಾನು ತುಟಿಯ ಮೇಲೆ ಬೆರಳಿಟ್ಟು ಅವರಿಗೆ ಸನ್ನೆ ಮಾಡಿ, ಮನೆ ದಾಟಿಕೊಂಡು ಹೊಳೆಯ ಸೇತುವೆಯ ಕಡೆಗೆ ಮುಂದೆ ಹೋದೆ.